ರಾಶಿ ಬಿಟ್ಟು ಏಳಬಾರದು

ನರ್ಸಮ್ಮ ಬರಿಗೈಯಲ್ಲಿ ಬರುತ್ತಿದ್ದಾಳೆ, ಟವೆಲ್ ಗುಡ್ಡೆಗಳ ನಡುವೆ ದಾರಿ ಮಾಡಿಕೊಂಡು, ಎಲ್ಲರ ಕಂಕುಳಲ್ಲೂ ಹೆಗಲ ಮೇಲೂ ಏನಾದರೊಂದು ಇರುವಾಗ ಇವಳೊಬ್ಬಳು ಬರಿಗೈ, ಬೆಡ್‌ಶೀಟ್ ತರುತ್ತೇನೆಂದು ಹೋದವಳು ಹೀಗೇಕೆ ಬರುತ್ತಿದ್ದಾಳೆ ಎಂದು ನನಗೆ ಮೊದಲು ಬಂದದ್ದು ಸಿಟ್ಟು — ಅದು ಬೆಳಿಗ್ಗೆ ಕಂಡದ್ದು, ಈಗ ಬಿಸಿಲು ಇಳಿಯುತ್ತಿದೆ, ಅಕ್ಕನ ಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದೇನೆ, ಎದುರಿಗೆ ಅಕ್ಕ ಮಲಗಿದ್ದಾಳೆ, ಜನ ಬಂದು ನೋಡಿ ಹೋಗುತ್ತಿದ್ದಾರೆ, ಆದರೂ ಕಣ್ಣು ಮುಚ್ಚಿದರೆ ನರ್ಸಮ್ಮನೇ ಬರುತ್ತಾಳೆ. ಏಳಿ ಅಮ್ಮ, ಹೋಗೋಣ ಎಂದಳು. ಎಲ್ಲಿಗೆ ಎಂದೆ. ನಿಮ್ಮಕ್ಕ ಹೋಗ್ಬಿಟ್ರಂತೆ, ಅವರ ಮಗಳು ನನಗೆ ಫೋನ್ ಮಾಡಿದ್ಲು, ನೀವು ಎತ್ತಲಿಲ್ಲವಂತಲ್ಲ. ಆಗ ನನ್ನ ಬಾಯಿಂದ ಬಂದದ್ದೇನು, ಅಯ್ಯೋ ಎಂದು ಬಂತೇ, ದೇವರೇ ಎಂದು ಬಂತೇ — ರಾಶಿ ಯಾರು ನೋಡ್ಕೋತಾರೆ ಎಂದೆ. ಎಂದವಳು ನಾನೇ. ನರ್ಸಮ್ಮ ಎಷ್ಟು ಸಾವು ಕಂಡವಳು, ಆಸ್ಪತ್ರೆಯಲ್ಲಿ ಕೂದಲು ಬೆಳ್ಳಗಾದವಳು, ಅಂಥವಳು ನನ್ನ ಮುಖವನ್ನು ಎರಡು ಸಲ ನೋಡಿದಳು. ಆಮೇಲೆ ರಟ್ಟೆ ಹಿಡಿದು ಎಬ್ಬಿಸಿದಳು, ನಾನು ಏಳುವುದೇ ತಡ, ಸುತ್ತಲಿಂದ ಕೈಗಳು ಬಂದವು, ಎಷ್ಟೊಂದು ಕೈ, ನಮ್ಮ ರಾಶಿ ಬಿಸಿನೀರಿಗೆ ಬಿದ್ದ ಬೆಲ್ಲದ ಹಾಗೆ ಕರಗಿಹೋಯಿತು, ಅದನ್ನೂ ನಾನು ತಿರುಗಿ ನೋಡಿದೆ, ಅಕ್ಕ ಸತ್ತ ಸುದ್ದಿ ಕಿವಿಯಲ್ಲಿರುವಾಗ ತಿರುಗಿ ನೋಡಿದೆ.

ರಾಶಿ ಬಿಟ್ಟು ಏಳಬಾರದು ಎನ್ನುವುದು ಅಕ್ಕನ ಮಾತು, ಅಕ್ಕನದೇ ಕಾನೂನು. ಟವೆಲ್ ಕಾರ್ಖಾನೆಯವರು ವರ್ಷಕ್ಕೊಮ್ಮೆ ಗೋದಾಮಿನ ಬಾಗಿಲು ತೆಗೆಯುತ್ತಾರೆ, ಅಂಚು ಸೊಟ್ಟಗಾದದ್ದು, ಎಳೆ ಬಿಟ್ಟದ್ದು, ಬಣ್ಣ ಸರಿಯಾಗಿ ಹಿಡಿಯದ್ದು, ಟವೆಲ್ಲು ಬೆಡ್‌ಶೀಟು ಎಲ್ಲವನ್ನೂ ಅರ್ಧ ಬೆಲೆಗೆ ನೆಲದ ಮೇಲೆ ಸುರಿದುಬಿಡುತ್ತಾರೆ, ಊರಿಗೆ ಊರೇ ಬಂದು ಬೀಳುತ್ತದೆ, ಬಿಲ್ ಆಗುವ ತನಕ ಯಾವುದೂ ಯಾರದ್ದೂ ಅಲ್ಲ. ಆದ್ದರಿಂದ ಒಬ್ಬರು ಕೂರಬೇಕು, ಉಳಿದವರು ಆರಿಸಿ ತಂದು ಅವರ ಸುತ್ತ, ಅವರ ಕೆಳಗೆ ಹಾಕಬೇಕು, ಹೇಂಟೆ ಮೊಟ್ಟೆಯ ಮೇಲೆ ಕೂತ ಹಾಗೆ ಕೂರಬೇಕು ಕಣೇ ಗುಬ್ಬಿ, ಯಾರು ಕರೆದ್ರೂ ಏಳಬಾರದು, ಮೇಲಿಂದ ದೇವರೇ ಕರೆದ್ರೂ ಸ್ವಲ್ಪ ತಡಿ ಬಿಲ್ ಆಗ್ಲಿ ಅನ್ನಬೇಕು. ಹಾಗೆಲ್ಲ ಮಾತಾಡಬೇಡ ಅಕ್ಕ ಎಂದು ನಾನು ಕೆನ್ನೆ ಬಡಿದುಕೊಂಡರೆ ಅವಳು ಮೈ ಕುಲುಕಿಸಿ ನಗುತ್ತಿದ್ದಳು. ನಮ್ಮ ಬೀದಿಯಿಂದ ನಾವಿಬ್ಬರು, ನರ್ಸಮ್ಮ, ಟೀಚರ್, ದರ್ಜಿಯಮ್ಮ ಒಂದೇ ವ್ಯಾನಿನಲ್ಲಿ ಹೋಗುವುದು, ವರ್ಷವರ್ಷವೂ ಅವಳೇ ಕೂತದ್ದು. ಹೋದ ವರ್ಷ ಒಬ್ಬ ಹೆಂಗಸು ಅವಳ ತೊಡೆಯ ಕೆಳಗಿನ ಶೀಟನ್ನೇ ಎಳೆದಳು, ಅಕ್ಕ ಅಲುಗಲಿಲ್ಲ, ಎಳಿಯಮ್ಮ ಎಳಿ, ನಾನೂ ಜೊತೇಲೇ ಬರ್ತೀನಿ, ನಿಮ್ಮನೇಲಿ ಊಟಕ್ಕೆ ಏನಿದೆ ಎಂದಳು, ಆ ಹೆಂಗಸೂ ನಕ್ಕು ಬಿಟ್ಟುಹೋದಳು. ಈ ವರ್ಷ ಅವಳ ಕಾಲು ಬಾತು, ಉಸಿರು ಕಟ್ಟಿ, ಹಾಸಿಗೆ ಹಿಡಿದಳು, ನಾನು ಹೋಗುವುದಿಲ್ಲ ಎಂದೆ, ನಿಜವಾಗಿ ಎಂದೆ, ಅಥವಾ ಬಾಯಿಮಾತಿಗೆ ಎಂದೆನೋ, ಅದಕ್ಕೆ ಅವಳು, ಒಬ್ಬಳು ಮಲಗಿದ್ರೆ ಊರೆಲ್ಲಾ ಮಲಗಬೇಕಾ, ಹೋಗೇ, ನನ್ನ ಜಾಗದಲ್ಲಿ ನೀನು ಕೂತ್ಕೋ, ಆ ಟೀಚರನ್ನ ಕೂರಿಸಬೇಡಿ, ಆಕೆ ಪಾಠ ಮಾಡ್ತಾ ಎದ್ದು ನಿಂತ್ಬಿಡ್ತಾರೆ ಎಂದಳು. ಹಾಗಾಗಿ ನಾನು ಕೂತೆ. ಮೊದಲ ಸಲ. ಸಿಮೆಂಟ್ ನೆಲದ ಮೇಲೆ ಬೆಳ್ಳನೆಯ ದಪ್ಪ ಟವೆಲ್ಲುಗಳು, ಹೊಸ ಹತ್ತಿಯ ವಾಸನೆ, ಸುತ್ತ ಕೋಟೆಯ ಹಾಗೆ ಬಟ್ಟೆ, ನಡುವೆ ನಾನು, ಸಂತೋಷವಾಗಿತ್ತು, ಸುಳ್ಳೇಕೆ, ಬಹಳ ಸಂತೋಷವಾಗಿತ್ತು. ದರ್ಜಿಯಮ್ಮ ಒಂದು ಹೊರೆ ತಂದು ಸುರಿದಳು, ಅಂಚಿನ ಹೊಲಿಗೆ ಬಿಟ್ಟಿದೆ ಅಷ್ಟೇ ಅಮ್ಮ, ನಾನು ಹಾಕ್ಕೊಡ್ತೀನಿ, ಗಟ್ಟಿ ಕೂತ್ಕೊಳ್ಳಿ. ಗಟ್ಟಿ ಕೂತೆ. ನನ್ನ ಚೀಲ ಆ ಹೊರೆಯ ಕೆಳಗೆ ಹೋಯಿತು, ಚೀಲದೊಳಗೆ ಫೋನು.

ಹಾರನ್ ಕೇಳಿಸಿತು. ಭಾವ ಬಸ್ ಕಂಡಕ್ಟರ್ ಆಗಿದ್ದವರು, ಅವರ ಫೋನ್ ಬಂದರೆ ನನ್ನ ಫೋನಿನಲ್ಲಿ ಬಸ್ಸಿನ ಹಾರನ್ ಹೊಡೆಯುವ ಹಾಗೆ ಅಕ್ಕನ ಮಗಳು ತಮಾಷೆಗೆ ಮಾಡಿಕೊಟ್ಟಿದ್ದಾಳೆ, ಬೇರೆ ಯಾರದೋ ಎಂದುಕೊಳ್ಳುವ ಹಾಗೇ ಇಲ್ಲ, ಪೋಂ ಪೋಂ ಎಂದರೆ ಅದು ಈ ಮನೆಯದೇ. ಏಕೆ ಎಂದೂ ಗೊತ್ತಿತ್ತು. ಅಕ್ಕ ಹಾಸಿಗೆ ಹಿಡಿದ ಮೇಲೆ ದಿನಾ ಬೆಳಿಗ್ಗೆ ನಾನು ಫೋನಿನಲ್ಲಿ ಪ್ರಾರ್ಥನೆ ಹೇಳುತ್ತೇನೆ, ಚಿಕ್ಕವರಿದ್ದಾಗ ಒಂದೇ ಕಂಬಳಿಯೊಳಗೆ ಹೇಳಿಕೊಳ್ಳುತ್ತಿದ್ದೆವಲ್ಲ, ಅದನ್ನೇ, ನಾನು ಹೇಳುವುದು, ಅವಳು ಹೂಂ ಎನ್ನುವುದು, ದನಿ ಎತ್ತಲು ಅವಳಿಗೆ ಉಸಿರಿಲ್ಲ. ಇವತ್ತು ಹೇಳಿರಲಿಲ್ಲ. ವ್ಯಾನ್ ಬಂದಿತ್ತು, ಸಾಲಿನಲ್ಲಿ ಮುಂದೆ ನಿಲ್ಲಬೇಕಿತ್ತು, ಸಂಜೆ ಹೇಳಿದರಾಯಿತು, ಪ್ರಾರ್ಥನೆ ಎಲ್ಲಿಗೆ ಹೋಗುತ್ತದೆ ಎಂದುಕೊಂಡೆ. ಪ್ರಾರ್ಥನೆ ಎಲ್ಲಿಗೂ ಹೋಗಲಿಲ್ಲ. ಪಕ್ಕದ ರಾಶಿಯ ಹೆಂಗಸು ನಕ್ಕಳು, ಅಜ್ಜೀ, ನಿಮ್ಮ ಕೆಳಗೆ ಬಸ್ ಬಂತು, ಇಳಿಯೋರಿದ್ರೆ ಇಳೀರಿ. ಟೀಚರ್ ಅಲ್ಲೇ ಬಗ್ಗಿ ಟವೆಲ್ ಅಳೆಯುತ್ತಿದ್ದವರು, ಅವರೂ ನಕ್ಕರು, ನಾನೂ ನಕ್ಕೆ, ರೈಟ್ ರೈಟ್ ಎಂದುಬಿಟ್ಟೆ, ಮುಂದೆ ಹೋಗಲಿ ಎಂಬಂತೆ ಕೈ ಬೀಸಿದೆ, ಸುತ್ತಲಿನವರೆಲ್ಲ ನಕ್ಕರು, ಈ ವಯಸ್ಸಿನಲ್ಲಿ ಜನ ನನ್ನ ಮಾತಿಗೆ ನಕ್ಕರಲ್ಲ ಎಂದು ಹಿಗ್ಗಿದೆ. ನಿಂತಿತು. ಮತ್ತೆ ಬಂತು. ಈ ಸಲ ದನಿಗಿಂತ ಹೆಚ್ಚಾಗಿ ಅದು ನಡುಗುವುದು ತಿಳಿಯಿತು, ಅಷ್ಟು ಬಟ್ಟೆಯ ಕೆಳಗಿಂದ, ತೊಡೆಗೆ, ಹಕ್ಕಿಮರಿಯನ್ನು ಹಿಡಿದರೆ ಅಂಗೈಗೆ ತಿಳಿಯುತ್ತದಲ್ಲ, ಹಾಗೆ. ಎತ್ತಬೇಕೆಂದರೆ ಏಳಬೇಕು, ಎದ್ದರೆ ರಾಶಿ ಹೋಗುತ್ತದೆ, ರಾಶಿ ಹೋದರೆ ಅಕ್ಕ ನಾಳೆ ಆಡಿಕೊಳ್ಳುತ್ತಾಳೆ, ಒಂದು ಸಲ ಕೂರಿಸಿದ್ದಕ್ಕೆ ಹೀಗೆ ಮಾಡಿದ್ಯಾ ಎನ್ನುತ್ತಾಳೆ — ಹೌದು, ಅವಳ ಬಾಯಿಗೆ ಹೆದರಿ ಅವಳ ಫೋನ್ ಎತ್ತಲಿಲ್ಲ. ಸ್ವಲ್ಪ ಒತ್ತಿ ಕೂತೆ, ದನಿ ಕೇಳಿಸದಿರಲಿ ಎಂದು. ಇನ್ನೂ ಒಂದು ಸಲ ಬಂತು, ಬಹಳ ಹೊತ್ತು ನಡುಗಿತು, ನಿಂತಿತು, ಅಬ್ಬ ದೇವರು ದೊಡ್ಡವನು ಎಂದೆ. ಹಾಗೆಂದೇ ಎಂದೆ. ಊಟಕ್ಕೆ ಮೊದಲು, ನಿದ್ದೆಗೆ ಮೊದಲು ಯಾವ ಹೆಸರು ಹೇಳುತ್ತೇನೋ ಆ ಹೆಸರು ಹಿಡಿದು, ಫೋನ್ ನಿಂತದ್ದಕ್ಕೆ, ಕೃತಜ್ಞತೆ ಹೇಳಿದೆ.

ಇದರ ಮೇಲೆ ಈ ಟವೆಲ್ ಕೈಯಲ್ಲಿದೆ. ಸಾಸಿವೆ ಬಣ್ಣದ್ದು, ಯಾರಿಗೂ ಬೇಡವಾದ ಬಣ್ಣ, ನರ್ಸಮ್ಮ ಎಬ್ಬಿಸುವಾಗ ಹೆಗಲ ಮೇಲೆ ಉಳಿದಿತ್ತು, ಗೇಟಿನವನು ಎಲ್ಲರ ಚೀಲ ಬಿಚ್ಚಿಸಿ ನೋಡುವವನು ನನ್ನ ಮುಖ ನೋಡಿ, ಹೋಗಿ ತಾಯಿ ಎಂದು ಪಕ್ಕಕ್ಕೆ ಸರಿದ, ವ್ಯಾನಿನಲ್ಲಿ ಕಣ್ಣೊರೆಸಿಕೊಂಡಾಗಲೇ ನೋಡಿದ್ದು, ಬಿಲ್ ಆಗಿಲ್ಲ, ಈ ವಯಸ್ಸಿನಲ್ಲಿ ಟವೆಲ್ ಕದ್ದೆ, ಅದರಲ್ಲೇ ಅಕ್ಕನಿಗೆ ಅಳುತ್ತಿದ್ದೇನೆ, ಕೆಳಗಿಡಲೂ ಆಗದು, ಇಟ್ಟರೆ ಯಾರಾದರೂ ಎಲ್ಲಿಂದ ತಂದಿರಿ ಎಂದಾರು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಬಾಗಿಲಲ್ಲೇ ಭಾವ ಕೇಳಿದರು, ಫೋನ್ ಮಾಡಿದ್ವಲ್ಲಮ್ಮ ಗುಬ್ಬಿ. ಕೇಳಿದ ದನಿಯಲ್ಲಿ ದೂರಿರಲಿಲ್ಲ, ಬಸ್ಸಿನ ಈ ತುದಿಯಿಂದ ಆ ತುದಿಗೆ ಕೇಳುತ್ತಿದ್ದ ಗಂಟಲು ಇವತ್ತು ಗಾಳಿಯ ಹಾಗೆ ಬಂತು. ಕೇಳಿಸಲಿಲ್ಲ ಭಾವ, ಗದ್ದಲ ಎಂದೆ. ನಾಲಿಗೆ ತಡವರಿಸಲೂ ಇಲ್ಲ. ಟೀಚರ್ ನನ್ನ ಹಿಂದೆಯೇ ಇದ್ದರು, ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವರು, ಹೌದು ಸಾರ್, ಅಲ್ಲಿ ಕಿವಿ ತೂತು ಬೀಳೋ ಗಲಾಟೆ ಎಂದರು, ಎಂದು ನೆಲ ನೋಡಿದರು, ಆಮೇಲೆ ನನ್ನ ಕಡೆ ನೋಡಲೇ ಇಲ್ಲ. ಹೇಳಿಬಿಡಬೇಕು. ಭಾವನಿಗೆ ಹೇಳಿಬಿಡಬೇಕು, ಅಕ್ಕನನ್ನು ಎತ್ತುವ ಮೊದಲು, ಅವಳು ಈ ಮನೆಯಲ್ಲಿರುವಾಗಲೇ, ಸುಳ್ಳು ಹೊತ್ತು ಅವಳಿಗಾಗಿ ಕೈ ಮುಗಿಯುವುದು ಹೇಗೆ — ಅಗೋ ಬರುತ್ತಿದ್ದಾರೆ, ಕುರ್ಚಿ ಬಿಟ್ಟು ನನ್ನ ಪಕ್ಕ ನೆಲದ ಮೇಲೇ ಕೂತರು, ಮೊಣಕಾಲು ಲಟಕ್ಕೆಂದಿತು. ಭಾವ, ಎಂದೆ. ಸುಮ್ನಿರಮ್ಮ, ಮನಸ್ಸಿಗೆ ಹಚ್ಕೋಬೇಡ. ಬೆಳಿಗ್ಗೆಯಿಂದ ಎದೆ ಭಾರ ಅಂತಿದ್ಲು, ಇವತ್ತು ಪ್ರಾರ್ಥನೆ ಆಗ್ಲಿಲ್ಲ, ಗುಬ್ಬಿಗೆ ಮಾಡ್ಕೊಡಿ ಅಂದ್ಲು. ಎರಡು ಸಲ ಮಾಡ್ದೆ, ನೀನು ಎತ್ತಲಿಲ್ಲ. ಕೇಳಿಸ್ಲಿಲ್ವೇನೋ ಅಂದೆ ನಾನು. ಅದಕ್ಕೆ ಅವಳು, ಕೇಳಿಸಿರತ್ತೆ ರೀ, ಚೆನ್ನಾಗಿ ಕೇಳಿಸಿರತ್ತೆ, ರಾಶಿ ಮೇಲೆ ಕೂತಿದ್ದಾಳೆ, ಹೆಂಗೆ ಎತ್ತಾಳೆ, ಎತ್ತಿದ್ರೆ ಅವಳು ನನ್ನ ತಂಗೀನೇ ಅಲ್ಲ ಅಂತ ಒಂದೇ ನಗು. ಇನ್ನೊಂದು ಸಲ ಮಾಡಿ, ಏಳ್ತಾಳಾ ನೋಡೋಣ ಅಂತ ಫೋನ್ ತಾನೇ ಕಿತ್ಕೊಂಡು ಕಿವಿಗಿಟ್ಕೊಂಡ್ಲು. ನಗ್ತಾನೇ ಇದ್ಲು. ಅಷ್ಟೇ.

ಅಷ್ಟೇ ಎಂದು ಭಾವ ನನ್ನ ಬೆನ್ನ ಮೇಲೆ ಕೈಯಿಟ್ಟಿದ್ದಾರೆ, ಹಾಗಾದರೆ ಬಾಗಿಲಲ್ಲೇ ಅವರಿಗೆ ಗೊತ್ತಿತ್ತು, ನಾನು ಗದ್ದಲ ಎಂದಾಗಲೇ ಗೊತ್ತಿತ್ತು, ಟೀಚರ್ ಹೌದು ಸಾರ್ ಎಂದಾಗಲೂ ಗೊತ್ತಿತ್ತು, ಗೊತ್ತಿದ್ದೂ ಬಾಮ್ಮ ಒಳಗೆ ಎಂದರು. ಬೈದಿದ್ದರೆ ಬದುಕುತ್ತಿದ್ದೆ. ಕೇಳಿಸಿತ್ತು ಭಾವ, ಎಂದೆ, ಅವರು ತಲೆಯಾಡಿಸಿದರು, ಎದ್ದು ಹೋದರು, ಬಾಗಿಲಲ್ಲಿ ಯಾರೋ ಬಂದಿದ್ದರು. ಈಗ ನಾನು, ಅಕ್ಕ. ಬೆಳಿಗ್ಗೆಯದನ್ನು ಈಗ ಹೇಳುತ್ತೇನೆ ಕಣೇ, ಹೂಂ ಎನ್ನುವುದು ಬೇಡ, ಕೇಳಿಸಿಕೋ. ಕಾಯುವವನೇ, ಇವಳನ್ನು ನಿನ್ನ ಕೈಗೆ ಒಪ್ಪಿಸಿದ್ದೇನೆ, ಇವಳ ಬಾತ ಕಾಲಿನ ನೋವು ತೆಗೆ, ಉಸಿರಾಡದೆ ಇರುವ ಸುಖ ಕೊಡು, ಇವಳು ಆಡಿದ ಹುಡುಗಾಟದ ಮಾತುಗಳನ್ನು ಲೆಕ್ಕಕ್ಕೆ ಹಿಡಿಯಬೇಡ, ನನ್ನ ಮಾತು ಇವತ್ತು ಬೇಡ, ನನ್ನನ್ನು ಆಮೇಲೆ ನೋಡಿಕೋ, ಇವಳಿಗೆ ಶಾಂತಿ ಕೊಡು, ಆ ಕೋಣೆಯಲ್ಲಿ ದಿಂಬಿಗೆ ಒರಗಿ, ಕಿವಿಗೆ ಫೋನ್ ಒತ್ತಿ ಹಿಡಿದು, ನಾನು ಏಳುತ್ತೇನೋ ಇಲ್ಲವೋ ಎಂದು ನಗುತ್ತಾ ಕಾಯುತ್ತಿರುವ ಇವಳಿಗೆ ಶಾಂತಿ ಕೊಡು, ಕಿವಿಗೆ ಫೋನ್ ಹಿಡಿದು ಕಾಯುತ್ತಿರುವ ಇವಳಿಗೆ, ದೇವರೇ, ಶಾಂತಿ ಕೊಡು.