ಎಲ್ಡನಜ್ಜಿ

"ಬಾಗಿಲು ಹಾಕ್ಕೊಂಡು ಕೂತ್ಕೋ ಅಂದ್ರೆ ಕೇಳಲ್ಲ ನೀನು," ಎಂದು ಮರ್ನಾ ಗಂಡ ಎಲ್ಡನ್‌ನ ಮುಂದೆ ಚಹಾದ ಲೋಟ ಕುಕ್ಕಿದಳು. "ರಸ್ತೇಲಿ ಹೋಗೋರಿಗೆಲ್ಲ ಕಾಣ್ತೀಯ."

ಎಲ್ಡನ್ ಎದ್ದು ಶೆಡ್ಡಿನ ಬಾಗಿಲು ಮುಚ್ಚಿದ. ಒಳಗೆ ಮಬ್ಬಾಯಿತು. ಮತ್ತೆ ಕೂತು ಸೂಜಿ, ಹಸಿರು ಹುರಿ ಹಿಡಿದು, ಲಾಬ್‌ಸ್ಟರ್ ಹಿಡಿಯುವ ಬೋನಿನ ಬಾಯಿಗೆ ಕಟ್ಟುವ ಬಲೆ ಹೆಣೆಯತೊಡಗಿದ. ಕೆನಡಾದ ನೋವಾ ಸ್ಕೋಷಿಯಾದ ಆ ಕಡಲೂರಿನಲ್ಲಿ ಅದು ಹಿಂದೆ ಅಜ್ಜಿಯರು ಒಲೆಯ ಪಕ್ಕ ಕೂತು ಮಾಡುತ್ತಿದ್ದ ಕೆಲಸ. ಈಗ ಯಂತ್ರದ ಬಲೆ ಅಂಗಡಿಯಲ್ಲೇ ಸಿಗುತ್ತದೆ. ಯಾರಿಗೂ ಬೇಡದ ಕೆಲಸಕ್ಕೆ ಗಟ್ಟಿಮುಟ್ಟಾದ ಗಂಡಸೊಬ್ಬ ಯಾಕೆ ಕೂತ ಎಂದು ಊರಿಗೆಲ್ಲ ಸೋಜಿಗ.

ಹೋದ ವರ್ಷ ಶಾಂತವಾದ ಕಡಲಿನಲ್ಲಿ, ಚುಕ್ಕಾಣಿ ಹಿಡಿದು ನಿಂತಿದ್ದಾಗಲೇ ಅವನ ಎದೆ ಬಿಗಿದು ಉಸಿರು ಸಿಕ್ಕಿಕೊಂಡಿತ್ತು. ಆಮೇಲೆ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವುದೇ ದೊಡ್ಡ ಕೆಲಸವಾಯಿತು. ಡಾಕ್ಟರು ಕೊಟ್ಟ ಗುಳಿಗೆ ಅವನನ್ನು ಮುಳುಗದಂತೆ ಹಿಡಿಯಿತು. ಉಳಿದದ್ದನ್ನು ಈ ಗಂಟುಗಳು ಮಾಡಿದವು. ಒಂದನ್ನು ಬಿಗಿದು ಇನ್ನೊಂದಕ್ಕೆ ಸೂಜಿ ಹಾಕುವಷ್ಟರಲ್ಲಿ ಉಸಿರು ತನ್ನ ದಾರಿಗೆ ಬರುತ್ತಿತ್ತು.

ದೋಣಿಗಳು ನಿಲ್ಲುವ ಧಕ್ಕೆಯಲ್ಲಿ ಮಾತ್ರ ಅವನಿಗೆ ಹೊಸ ಹೆಸರು ಬಿದ್ದಿತ್ತು. ಇಟ್ಟವನು ಚಿಕ್ಕಪ್ಪನ ಮಗ ರಾಸ್ಕೊ, ಊರಿಗೇ ದೊಡ್ಡ ದೋಣಿಯ ಯಜಮಾನ.

"ಬಾ ಎಲ್ಡನಜ್ಜಿ! ಮೊಮ್ಮಕ್ಕಳ ಸ್ವೆಟರ್ ಆಯ್ತಾ?"

ನಗದವರೇ ಇರಲಿಲ್ಲ.

"ನಮ್ಮಪ್ಪಂದಿರಿಗೂ ಮನಸ್ಸಂತ ಒಂದಿತ್ತು ಮಾರಾಯ. ಒಂದು ಗುಟುಕು ರಮ್ ಹಾಕಿ ಕಡಲಿಗೆ ಹೋಗ್ತಿದ್ರು," ಎಂದು ರಾಸ್ಕೊ ಉಪದೇಶ ಮಾಡಿದ್ದ.

"ಹೋದವರೆಲ್ಲ ವಾಪಸ್ ಬಂದ್ರಾ?" ಎಂದಿದ್ದ ಎಲ್ಡನ್.

ರಾಸ್ಕೊನ ಅಪ್ಪ ಬಂದಿರಲಿಲ್ಲ. ಅಂದಿನಿಂದ ಆ ಅಡ್ಡಹೆಸರು ಇನ್ನಷ್ಟು ಜೋರಾಯಿತು.

ಈ ಸಲ ಬೋನು ಇಳಿಸುವ ಮೊದಲ ದಿನವೇ ಗಾಳಿ ಎದ್ದಿತು. ದೋಣಿ ಬಿಡುವಂತಿರಲಿಲ್ಲ. ಎಲ್ಡನ್ ಸೇರಿದಂತೆ ಎಲ್ಲರೂ ಧಕ್ಕೆಯ ಶೆಡ್ಡಿನಲ್ಲಿ ಕಾಫಿ ಹಿಡಿದು ಕಾಯುತ್ತಿದ್ದರು. ಎದುರಿಗೆ ಮೀನಿನ ಪೆಟ್ಟಿಗೆಯ ಮೇಲೆ ರಾಸ್ಕೊ. ಎಲ್ಡನ್‌ನ ಕಣ್ಣು ಅವನ ಲೋಟದ ಮೇಲೆ ಬಿತ್ತು. ಕಾಫಿ ತುಳುಕುತ್ತಿತ್ತು. ಆ ಚಳಿಯಲ್ಲೂ ಹಣೆಯ ಮೇಲೆ ಬೆವರು. ಬಾಯಿ ಅರ್ಧ ತೆರೆದು ಎಳೆಯುತ್ತಿದ್ದ ಆ ಉಸಿರಿನ ಪರಿಚಯ ಎಲ್ಡನ್‌ಗೆ ಚೆನ್ನಾಗಿಯೇ ಇತ್ತು.

ಏನು ರಾಸ್ಕೊ, ಅಜ್ಜಿಗಿಂತ ನಿನ್ನ ಕೈಯೇ ಜಾಸ್ತಿ ನಡುಗ್ತಿದೆಯಲ್ಲ? ಮಾತು ನಾಲಿಗೆಯ ತುದಿಗೇ ಬಂದಿತ್ತು. ಅಂದಿದ್ದರೆ ಇಡೀ ಧಕ್ಕೆ ನಗುತ್ತಿತ್ತು. ಆ ಹೆಸರು ಇವನಿಂದ ಕಳಚಿ ಅವನ ಕೊರಳಿಗೆ ಬೀಳುತ್ತಿತ್ತು. ಆ ಮಾತಿನ ರುಚಿಯನ್ನು ಎಲ್ಡನ್ ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡ.

ಆಮೇಲೆ ಜೇಬಿನಿಂದ ಹುರಿ ತೆಗೆದು ಅದರ ತುದಿಯನ್ನು ಅವನತ್ತ ಎಸೆದ. "ಇದನ್ನ ಎಳೆದು ಹಿಡಿ. ಸುಮ್ನೆ ತಾನೇ ಕೂತಿದ್ದೀಯ."

"ನೋಡ್ರೋ, ಅಜ್ಜಿ ಇಲ್ಲೂ ಶುರು ಹಚ್ಕೊಂಡ್ಳು!" ಎಂದು ಮೂಲೆಯಿಂದ ಯಾರೋ ಕೂಗಿದರು.

ಎಲ್ಲರೂ ನಕ್ಕರು. ಆದರೆ ರಾಸ್ಕೊ ಲೋಟ ಕೆಳಗಿಟ್ಟು ಎರಡೂ ಕೈಯಲ್ಲಿ ಹುರಿ ಹಿಡಿದ. ಎಲ್ಡನ್ ನಿಧಾನವಾಗಿ ಗಂಟು ಹಾಕುತ್ತ ಹೋದ. ಗಂಟಿಗೊಮ್ಮೆ ರಾಸ್ಕೊ ಎಳೆಯಬೇಕು, ಸಡಿಲಿಸಬೇಕು. ನಗು ಮುಗಿದು ಮಾತು ಗಾಳಿಯ ಕಡೆ ಹೊರಳಿತು. ರಾಸ್ಕೊ ಹುರಿ ಬಿಡಲಿಲ್ಲ.

ಆ ಭಾನುವಾರ ಅವನು ಹಿತ್ತಿಲ ಕಡೆಯಿಂದ ಸುತ್ತಿ ಎಲ್ಡನ್‌ನ ಶೆಡ್ಡಿಗೆ ಬಂದ. ಉಪಕಾರವಾಯಿತೆಂಬ ಮಾತಿಲ್ಲ, ತಪ್ಪಾಯಿತೆಂಬ ಮಾತೂ ಇಲ್ಲ.

"ಆ ಗಂಟು ಹೇಗೆ ಹಾಕೋದು, ತೋರ್ಸು."

"ಡಾಕ್ಟ್ರ ಹತ್ರ ಹೋಗಿದ್ಯಾ?"

"ಹೋಗ್ತೀನಿ. ಯಾರಿಗೂ ಹೇಳ್ಬೇಡ," ಎಂದು ರಾಸ್ಕೊ ಬಾಗಿಲು ಎಳೆದುಕೊಳ್ಳಹೋದ.

"ಅದು ತೆಗೆದೇ ಇರಲಿ."

"ಜನ ನೋಡ್ತಾರೆ ಮಾರಾಯ."

"ವರ್ಷವಿಡೀ ನನ್ನನ್ನ ನೋಡಿದ್ರು. ನೋಡಿ ನಗೋದನ್ನ ಅವರಿಗೆ ಕಲಿಸಿದ್ದು ನೀನೇ."

ರಾಸ್ಕೊ ಬಾಗಿಲ ಮೇಲೆ ಕೈಯಿಟ್ಟುಕೊಂಡೇ ನಿಂತ. ಹೊರಗೆ ಕಾರೊಂದು ನಿಧಾನ ಮಾಡಿ, ಮುಂದೆ ಹೋಯಿತು. ಕೊನೆಗೆ ಅವನು ರಸ್ತೆಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತ.

ಎಲ್ಡನ್ ಅವನ ಕೈಗೆ ಸೂಜಿ ಕೊಟ್ಟ. "ಈ ಕಡೆ ತಿರುಗು. ಬೆಳಕು ಬರೋದು ಬಾಗಿಲಿಂದ್ಲೇ."

ಬಾಯಲ್ಲೇ ಏನೋ ಬೈದುಕೊಳ್ಳುತ್ತ ರಾಸ್ಕೊ ರಸ್ತೆಗೆ ಮುಖ ಮಾಡಿ ಕೂತ.