ಬೆಳಿಗ್ಗೆ ಸೋಡಾ, ಸಂಜೆ ವಿನೆಗರ್

"ಇವತ್ತೂ ಬೇಡಮ್ಮ," ಎಂದ ಮಗ, ಈಜುಕೊಳದ ನೀರಿನಲ್ಲಿ ಅದ್ದಿ ತೆಗೆದ ಕಾಗದದ ಪಟ್ಟಿಯನ್ನು ಬಿಸಿಲಿಗೆ ಹಿಡಿದು. ಪಟ್ಟಿ ಮತ್ತೆ ಹಳದಿಗೆ ತಿರುಗಿದೆಯಂತೆ, ಅಂದರೆ ನೀರಿನಲ್ಲಿ ಹುಳಿ ಹೆಚ್ಚಾಗಿದೆಯಂತೆ, ಇಳಿದರೆ ಕಣ್ಣು ಉರಿಯುತ್ತದಂತೆ. ಮಗನ ಹಳೆಯ ಟೀ-ಶರ್ಟು, ಅವನದೇ ಪೈಜಾಮ ತೊಟ್ಟು, ಹೆಗಲ ಮೇಲೆ ಟವೆಲ್ಲು ಹೊದ್ದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಲಗಾಲನ್ನು ಕೋಲಿನ ಹಾಗೆ ಮುಂದಕ್ಕೆ ಚಾಚಿಕೊಂಡು ಅಮ್ಮ ನೀರಿಗಿಳಿಯಲು ಬೆಳಗಾದಾಗಿನಿಂದ ಕಾಯುತ್ತಿದ್ದರು. ಮಗ ಅಡುಗೆಮನೆಯಿಂದ ಸೋಡಾಪುಡಿಯ ಡಬ್ಬಿ ತಂದು, ಕೊಳದ ಸುತ್ತ ನಡೆಯುತ್ತಾ ಹಿಡಿಹಿಡಿಯಾಗಿ ಎರಚಿದ. ನೀರು ಬೆಳ್ಳಗೆ ಕದಡಿತು. "ನಾಳೆ ಹೊತ್ತಿಗೆ ಸರಿಹೋಗುತ್ತೆ," ಎಂದು ಹೇಳಿ ಕೈ ಕೊಡವಿಕೊಂಡು ಆಫೀಸಿಗೆ ಹೋದ.

ಸರಿಹೋಗುವುದಿಲ್ಲ ಎಂದು ಅಮ್ಮನಿಗೆ ಗೊತ್ತಿತ್ತು. ಸಂಜೆ ಸೊಸೆ ಬರುತ್ತಾಳೆ. ಅವಳದೂ ಒಂದು ಪಟ್ಟಿ ಇದೆ. ಆ ಪಟ್ಟಿ ಕೆಂಪಗಾಗುತ್ತದೆ, ಅಂದರೆ ನೀರಿನಲ್ಲಿ ಕ್ಷಾರ ಹೆಚ್ಚಾಗಿದೆ, ಏಕೆಂದರೆ ಬೆಳಿಗ್ಗೆ ಬಿದ್ದ ಸೋಡಾ ಅಷ್ಟೊತ್ತಿಗೆ ಕರಗಿ ಕೂತಿರುತ್ತದೆ. ಅವಳು ತುಟಿ ಬಿಗಿದುಕೊಂಡು ವಿನೆಗರಿನ ಕ್ಯಾನು ತಂದು ಬಗ್ಗಿಸುತ್ತಾಳೆ. ಮರುದಿನ ಬೆಳಿಗ್ಗೆ ಮಗನ ಪಟ್ಟಿ ಹಳದಿ. ಅವನು ಹಾಕುವುದು ಅವಳಿಗೆ ಗೊತ್ತಿಲ್ಲ, ಅವಳು ಸುರಿಯುವುದು ಅವನಿಗೆ ಗೊತ್ತಿಲ್ಲ, ಏಕೆಂದರೆ ಇಬ್ಬರೂ ಮಾತು ಬಿಟ್ಟಿದ್ದರು. ಎರಡನ್ನೂ ಕಣ್ಣಾರೆ ನೋಡುತ್ತಿದ್ದವರು ಈ ಕುರ್ಚಿಯಲ್ಲಿದ್ದ ಅಮ್ಮ ಒಬ್ಬರೇ.

ಮಾತು ಬಿಟ್ಟದ್ದೂ ಈ ಹಾಳು ನೀರಿನ ದೆಸೆಯಿಂದಲೇ. ಮನೆಯ ಹಿಂದಿನ ಈ ಪುಟ್ಟ ಕೊಳಕ್ಕೆ ವಾರಕ್ಕೊಮ್ಮೆ ಒಬ್ಬ ಬಂದು ಔಷಧಿ ಹಾಕಿ ಹೋಗುತ್ತಿದ್ದ. ಮಗ ಎಲ್ಲೋ ವಿಡಿಯೋ ನೋಡಿ ಅವನನ್ನು ಬಿಡಿಸಿದ. ಅಡುಗೆ ಸೋಡಾ, ವಿನೆಗರ್, ಬಟ್ಟೆಗೆ ಹಾಕುವ ಬ್ಲೀಚ್, ಇಷ್ಟಿದ್ದರೆ ಸಾಕು, ಎಲ್ಲ ಮನೆಯಲ್ಲೇ ಇದೆ ಎಂದ. ಹತ್ತೇ ದಿನದಲ್ಲಿ ನೀರು ಹಸಿರಾಯಿತು. ಅದೇ ಭಾನುವಾರ ಅವನ ಆಫೀಸಿನವರು ಊಟಕ್ಕೆ ಬಂದಿದ್ದರು. ಅವರೆಲ್ಲ ಕೊಳ ನೋಡಿ ಮೂಗು ಮುಚ್ಚಿಕೊಳ್ಳುತ್ತಿರುವಾಗ ಸೊಸೆ, ನಾನು ಮೊದಲೇ ಹೇಳಿದ್ದೆ ಎಂದಳು. ಅವನ ಮುಖ ಸಪ್ಪಗಾಯಿತು. ಬಂದವರು ಗೇಟು ದಾಟಿದ್ದೇ ತಡ, ಇನ್ನು ಮೇಲೆ ನೀನು ನನಗೆ ಏನೂ ಹೇಳಲೇಬೇಡ ಎಂದ. ಆಗಲಿ ಎಂದಳು ಸೊಸೆ. ಅಂದಿನಿಂದ ನಿಜಕ್ಕೂ ಏನೂ ಹೇಳಲಿಲ್ಲ. ಹಟದಲ್ಲಿ ಒಬ್ಬರನ್ನೊಬ್ಬರು ಮೀರಿಸುವವರು.

ಮೊದಮೊದಲು ಮಾತೆಲ್ಲ ಅಮ್ಮನ ಮೂಲಕ ನಡೆಯಿತು. ಅತ್ತೆ, ಗ್ಯಾಸ್ ಮುಗಿದಿದೆ ಅಂತ ಹೇಳಿ. ಅಮ್ಮ, ಕಾರಿನ ಕೀ ಎಲ್ಲಿಟ್ಟಿದ್ದಾಳೆ ಕೇಳು. ಇಬ್ಬರೂ ಒಂದೇ ಮೇಜಿನ ಎರಡು ಬದಿ ಕೂತು ಊಟ ಮಾಡುತ್ತಲೇ ಹೀಗೆ. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಯುಷ್ಯ ಸವೆಸಿದವರು, ಊರವರ ಮಾತಿಗೆಲ್ಲ ತಂತಿ ಸಿಕ್ಕಿಸಿ ಕೊಟ್ಟವರು. ನಿವೃತ್ತಿಯಾದ ಮೇಲೂ ಅದೇ ಚಾಕರಿ ಮಾಡಬೇಕೇ ಎಂದು ಅವರಿಗೆ ರೇಗಿಹೋಯಿತು. ಒಂದು ದಿನ ತಟ್ಟೆ ಸರಿಸಿ, ಇವತ್ತಿಗೆ ಲೈನ್ ಕಟ್, ಇನ್ನು ಅವಳ ಮಾತು ನಿನಗಾಗಲಿ ನಿನ್ನ ಮಾತು ಅವಳಿಗಾಗಲಿ ನಾನು ಮುಟ್ಟಿಸುವುದಿಲ್ಲ ಎಂದು ಸಾರಿಬಿಟ್ಟರು. ಗತಿಯಿಲ್ಲದೆ ತಾವೇ ಮಾತಾಡಿಕೊಳ್ಳುತ್ತಾರೆ ಎಂಬ ಲೆಕ್ಕ ಅವರದು. ಲೆಕ್ಕ ತಲೆಕೆಳಗಾಯಿತು. ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲು ಅಮ್ಮನಿಗೂ ಮನಸ್ಸಿಲ್ಲ, ಸೋಡಾ ವಿನೆಗರಿನ ಸಂಗತಿಯೂ ಅವರೊಳಗೇ ಉಳಿಯಿತು. ಅಂತೂ ಮನೆಯಲ್ಲಿ ಹಟಮಾರಿಗಳು ಮೂವರಾದರು.

ನಡುವೆ ಕೆಡುತ್ತಿದ್ದದ್ದು ಅಮ್ಮನ ಮಂಡಿ. ಆಪರೇಷನ್ ಚೆನ್ನಾಗಿಯೇ ಆಗಿತ್ತು. ನೆಲದ ಮೇಲೆ ಕಾಲು ಬಗ್ಗಿಸಿದರೆ ಜೀವ ಹೋಗುವಷ್ಟು ನೋವು, ನೀರಿನಲ್ಲಾದರೆ ಮೈಭಾರ ಇಳಿದು ಬಗ್ಗುತ್ತದೆ, ದಿನಾ ನೀರಿನಲ್ಲಿ ನಡೆಯಲೇಬೇಕು ಎಂದು ವ್ಯಾಯಾಮದ ಡಾಕ್ಟರಮ್ಮ ಹೇಳಿದ್ದರು. ನಿನ್ನೆ ಬಂದವರು ಮಂಡಿಯನ್ನು ಒತ್ತಿ ನೋಡಿ ಮುಖ ಗಂಟಿಕ್ಕಿದರು.

"ಎಷ್ಟು ದಿನದಿಂದ ನೀರಿಗೆ ಇಳಿದಿಲ್ಲ?" ಎಂದು ಕೇಳಿದರು. "ಈ ತಿಂಗಳು ದಾಟಿದ್ರೆ ಇದು ಹೀಗೇ ಗಟ್ಟಿಯಾಗಿಬಿಡುತ್ತೆ. ಆಮೇಲೆ ನನ್ನ ಕೈಲೂ ಆಗಲ್ಲ, ನಿಮ್ಮ ಕೈಲೂ ಆಗಲ್ಲ. ಮೆಟ್ಟಿಲು ಮರೆತುಬಿಡಿ."

ರಾತ್ರಿಯೆಲ್ಲ ಆ ಮಾತು ಕೊರೆಯಿತು. ಕಮೋಡಿನಿಂದ ಏಳಲೂ ಸೊಸೆಯನ್ನೇ ಕೂಗಬೇಕಾದ ಬಾಳು ಅಮ್ಮನಿಗೆ ಬೇಡವಾಗಿತ್ತು. ಸಾಯಲಿ, ಮಾತು ಮುಟ್ಟಿಸುವುದಿಲ್ಲ ಎಂದ ಹಟ ಹಾಳಾಗಲಿ, ಇವತ್ತು ಸಂಜೆ ಇಬ್ಬರನ್ನೂ ಎದುರಿಗೆ ನಿಲ್ಲಿಸಿ ಹೇಳಿಬಿಡುತ್ತೇನೆ ಎಂದು ತೀರ್ಮಾನಿಸಿ ಕೂತಿದ್ದರು.

ಸಂಜೆ ಮೊದಲು ಬಂದವಳು ಸೊಸೆ. ಅವಳದು ಬ್ಯೂಟಿ ಪಾರ್ಲರು. ದಿನವೆಲ್ಲ ಊರವರ ತಲೆಗೂದಲಿಗೆ ಬಣ್ಣ ಕಲಸುವವಳಾದ್ದರಿಂದ ರಸಾಯನವೆಲ್ಲ ತನಗೆ ಕರತಲಾಮಲಕ ಎಂಬ ಧೈರ್ಯ. ಪಟ್ಟಿ ಅದ್ದಿದಳು, ಕೆಂಪು ಕಂಡು ಉಸ್ಸೆಂದಳು, ನೀರು ಬೆರೆಸಿ ಕೊಳಕ್ಕೆ ಸುರಿಯಲೆಂದು, ಅಮ್ಮನ ಕುರ್ಚಿಗೆ ಕಾಣುತ್ತಿದ್ದ ಮನೆ ಪಕ್ಕದ ಓಣಿಯಲ್ಲಿ ನಲ್ಲಿಯ ಕೆಳಗಿದ್ದ ಬಕೆಟ್ಟಿಗೆ ವಿನೆಗರ್ ಬಗ್ಗಿಸಿದಳು. ಅಷ್ಟರಲ್ಲಿ ಫೋನು ಬಂತು. ನಾಳೆಯ ಮದುಮಗಳೊಬ್ಬಳಿಗೆ ಅಲಂಕಾರದ ಹೊತ್ತು ಬದಲಿಸಬೇಕಂತೆ. ಮಾತಾಡುತ್ತಾ ಒಳಗೆ ಹೋದಳು. ಮಗನೂ ಬರಲಿ, ಒಟ್ಟಿಗೇ ಹೇಳೋಣ ಎಂದು ಅಮ್ಮ ಸುಮ್ಮನಿದ್ದರು.

ಮಗ ಬಂದ, ಕೈಯಲ್ಲಿ ಬ್ಲೀಚಿನ ದೊಡ್ಡ ಬಾಟಲಿ ಹಿಡಿದು. ಕೊಳದ ಗೋಡೆಗೆ ಪಾಚಿ ಹತ್ತಿದ್ದನ್ನು ಬೆಳಿಗ್ಗೆ ನೋಡಿದ್ದನಂತೆ. ಚಪ್ಪಲಿ ಕಳಚದೆ ನೇರ ಓಣಿಗೆ ನುಗ್ಗಿದ. ನಲ್ಲಿಯ ಕೆಳಗಿನ ಬಕೆಟ್ಟಿನಲ್ಲಿರುವುದು ನೀರೆಂದೇ ಅವನ ಎಣಿಕೆ. ಬಾಟಲಿಯ ಬಿರಡೆ ತಿರುಗಿಸಿದ.

"ಲೋ, ಅದರಲ್ಲಿ ಅವಳು ವಿನೆಗರ್ ಹಾಕಿದಾಳೆ ಕಣೋ," ಎಂದು ಅಮ್ಮ ಕೂಗಿದರು. ನೀರೆಳೆಯುವ ಮೋಟಾರು ಗುರ್ರೆನ್ನುತ್ತಿತ್ತು. ಅಲ್ಲದೆ ಅಮ್ಮ ಕೂಗಿದರೆ ಟವೆಲ್ಲಿಗೋ ಕಾಫಿಗೋ ಇರಬೇಕು ಎಂದುಕೊಂಡು, ಬಂದೆ ಎಂದು ಕೈಯೆತ್ತಿ ತೋರಿಸಿದ. ಬಾಟಲಿ ಬಗ್ಗಿಸಿದ.

ವಿನೆಗರಿಗೆ ಬ್ಲೀಚ್ ಬೆರೆತದ್ದೇ ವಿಷದ ಘಾಟೆದ್ದಿತು. ಮೊದಲು ಕೆಮ್ಮು ಕೇಳಿಸಿತು. ಆಮೇಲೆ ಅವನು ಒಂದು ಕೈಯಲ್ಲಿ ಗೋಡೆ ತಡಕುತ್ತಾ, ಇನ್ನೊಂದರಲ್ಲಿ ಕಣ್ಣು ಮುಚ್ಚಿಕೊಂಡು, ಓಣಿಯಿಂದ ಹೊರಗೆ ಬರುವ ಬದಲು ಇನ್ನೂ ಒಳಕ್ಕೇ ಹೋಗುತ್ತಿರುವುದು ಕಂಡಿತು. ಅಮ್ಮ ಏಳಲು ನೋಡಿದರು, ಹಾಳು ಕಾಲು ಬಗ್ಗಲಿಲ್ಲ, ಕುರ್ಚಿಗೇ ಕುಸಿದರು. ಸೊಸೆಯ ಹೆಸರು ಹಿಡಿದು, ಎಕ್ಸ್‌ಚೇಂಜಿನಲ್ಲಿ ಒಮ್ಮೆಯೂ ಎತ್ತದ ದನಿ ಎತ್ತಿ ಕೂಗಿದರು.

ಸೊಸೆ ಓಡಿ ಬಂದವಳು ಸೆರಗನ್ನು ಮೂಗಿಗೆ ಒತ್ತಿ ಓಣಿಗೆ ನುಗ್ಗಿ, ಅವನ ಕಾಲರು ಹಿಡಿದು ದರದರ ಎಳೆದು ತಂದು ಹುಲ್ಲಿನ ಮೇಲೆ ಕೆಡವಿದಳು. ಗಿಡಕ್ಕೆ ಬಿಡುವ ಪೈಪು ತಿರುಗಿಸಿ ಅವನ ಮುಖಕ್ಕೆ ನೀರು ಬಿಟ್ಟಳು. ಅವನು ಕೆಮ್ಮಿ ಕೆಮ್ಮಿ ಎದ್ದು ಕೂತ. ಉಸಿರು ಹತೋಟಿಗೆ ಬಂತು. ಆಗ ಅವಳು ದೂರದಿಂದಲೇ ಬಕೆಟ್ಟಿಗೆ ನೀರು ಹಾಯಿಸಿದಳು. ಗಾಳಿ ಆ ಘಾಟನ್ನು ಆಚೆಯ ಖಾಲಿ ನಿವೇಶನದ ಕಡೆ ಒಯ್ದಿತು.

"ಬುದ್ಧಿ ಇದೆಯೇನ್ರೀ ನಿಮಗೆ?" ಎಂದಳು. ಎಷ್ಟೋ ವಾರಗಳ ಮೇಲೆ ಗಂಡನಿಗೆ ಅವಳಾಡಿದ ಮೊದಲ ಮಾತು ಅದು.

"ಬಕೆಟ್ಟಲ್ಲಿ ಏನಿತ್ತು?"

"ವಿನೆಗರ್. ದಿನಾ ಸಂಜೆ ಹಾಕ್ತೀನಲ್ಲ."

"ದಿನಾನಾ?" ಅವನು ಒದ್ದೆ ಮುಖವೆತ್ತಿ ನೋಡಿದ. "ನಾನು ದಿನಾ ಬೆಳಿಗ್ಗೆ ಸೋಡಾ ಹಾಕ್ತಿದೀನಿ."

ಇಬ್ಬರೂ ಒಟ್ಟಿಗೆ ಕುರ್ಚಿಯ ಕಡೆ ತಿರುಗಿದರು. ನಿನಗೆ ಗೊತ್ತಿತ್ತಾ ಎಂದು ಮಗ ಕೇಳಿದ.

"ಗೊತ್ತಿತ್ತು," ಎಂದರು ಅಮ್ಮ. "ಹೇಳಬೇಕಿತ್ತು, ಹೇಳಲಿಲ್ಲ. ಹೋಗಿದ್ರೆ ನನ್ನ ಮಗನೇ ಹೋಗ್ತಿದ್ದ. ಆದ್ರೆ ಒಂದು ಕೇಳ್ತೀನಿ, ಇದೇ ನೀರಿನ ಪಕ್ಕ ನಾನು ದಿನಾ ಟವೆಲ್ ಹೊದ್ಕೊಂಡು ಕೂತಿರ್ತೀನಲ್ಲ, ನಿಮ್ಮಿಬ್ಬರಲ್ಲಿ ಒಬ್ಬರಿಗಾದ್ರೂ ನನ್ನ ಕಾಲು ಕಾಣಿಸ್ತಾ? ಇಬ್ಬರೂ ಕಾಗದ ನೋಡಿದ್ರಿ."

ಮಗನ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ಅದು ಘಾಟಿಗೋ ಏನೋ. ಮತ್ತೊಮ್ಮೆ ಚೆನ್ನಾಗಿ ತೊಳೆಯಬೇಕು, ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಹೋಗೋಣ ಎಂದು ಸೊಸೆ ಅವನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು. ಬಾಗಿಲು ದಾಟುವ ಮೊದಲೇ, ಬಕೆಟ್ಟನ್ನು ಹಾಗೆ ಬಿಟ್ಟು ಹೋದದ್ದು ಯಾರ ತಪ್ಪು ಎಂದು ಅವನು ಶುರುಮಾಡಿದ. ಮೂಸಿ ನೋಡದೆ ಸುರಿದದ್ದು ಯಾರ ತಪ್ಪು ಎಂದು ಅವಳು ಕೇಳಿದಳು.

ಹಿತ್ತಲಿನಲ್ಲಿ ಅಮ್ಮ ಒಬ್ಬರೇ ಉಳಿದರು. ಕೊಳದ ನೀರು ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿತ್ತು. ಕಣ್ಣು ಉರಿದರೆ ಉರಿಯಲಿ, ತಲೆ ಮುಳುಗಿಸುವವರು ಯಾರು ಎಂದುಕೊಂಡರು. ಕುರ್ಚಿಯ ತೋಳುಗಳನ್ನು ಒತ್ತಿ ಹೇಗೋ ಎದ್ದು, ಅದನ್ನೇ ಊರುಗೋಲು ಮಾಡಿಕೊಂಡು, ತಳ್ಳುತ್ತಾ ತಳ್ಳುತ್ತಾ ಕೊಳದ ಮೆಟ್ಟಿಲಿನ ಉಕ್ಕಿನ ಕಂಬಿಯವರೆಗೆ ಬಂದರು. ಕಂಬಿ ಹಿಡಿದು, ನೋವಿಗೆ ಹಲ್ಲು ಕಚ್ಚಿ, ಒಂದೊಂದೇ ಮೆಟ್ಟಿಲು ಇಳಿದರು. ಪೈಜಾಮ ಉಬ್ಬಿತು. ನೀರು ಎದೆಯವರೆಗೆ ಬಂತು, ಮೈ ಹಗುರಾಯಿತು.

ಗೋಡೆಗೆ ಕೈಯಾನಿಸಿ ಬಲಗಾಲನ್ನು ಎತ್ತಿದರು. ಮಂಡಿ ಕಲ್ಲಿನ ಹಾಗೆ ಕೂತಿತ್ತು. ಇನ್ನೊಮ್ಮೆ ಎತ್ತಿದರು. ಒಳಗೆಲ್ಲೋ ಬಿಗಿದದ್ದು ಎಳೆದು, ಉರಿದು, ಸ್ವಲ್ಪವೇ ಸ್ವಲ್ಪ ಬಗ್ಗಿತು. ಅಮ್ಮನಿಗೆ ಅಳು ಬಂತು. ಬಗ್ಗಿತು ಕಣ್ರೋ ಎಂದು ಕೂಗಲು ಬಾಯಿ ತೆರೆದರು.

ಅಡುಗೆಮನೆಯ ಕಿಟಕಿಯಿಂದ ಮಾತು ಕೇಳುತ್ತಿತ್ತು. ದಿನಕ್ಕೆ ಎಷ್ಟು ಸೋಡಾ ಹಾಕುತ್ತಿದ್ದಿರಿ ಎಂದು ಸೊಸೆ ಕೇಳುತ್ತಿದ್ದಳು. ಒಂದು ಡಬ್ಬಿ ಎಂದ ಮಗ. ಇಡೀ ಡಬ್ಬಿಯೇ ಎಂದು ಅವಳು ಬಾಯಿಗೆ ಬಂದಂತೆ ಬೈದಳು. ಅವನು ಏನೋ ಹೇಳಿದ, ಅವಳು ಬೈಯುತ್ತಿದ್ದವಳು ತಡೆಯಲಾರದೆ ನಕ್ಕಳು, ನಕ್ಕದ್ದಕ್ಕೆ ಮತ್ತೆ ಬೈದಳು.

ಅಮ್ಮ ಬಾಯಿ ಮುಚ್ಚಿದರು. ಗೋಡೆ ಹಿಡಿದು ಆಚೆಯ ತುದಿಯವರೆಗೆ ನಡೆದರು, ಅಲ್ಲಿ ನಿಂತು ಉಸಿರು ತೆಗೆದುಕೊಂಡು, ಸದ್ದಾಗದ ಹಾಗೆ ಮೆಲ್ಲಗೆ ನೀರನ್ನು ಸರಿಸುತ್ತಾ ತಿರುಗಿದರು.