ನಕ್ಷೆಯಲ್ಲಿಲ್ಲದ ಲೈನು

"ನೀವು ಹೆರ್ತಾ ಹೋಗಿ, ನಾವು ಸೈನ್ ಹಾಕ್ತಾ ಕೂತ್ಕಳಣ. ಅಲ್ವೇನೆ ಲೌಡಿ?"

ಪುಟ್ಟಸ್ವಾಮಿ ಗೌಡರು ಇದನ್ನು ಹುಚ್ಚಮ್ಮನ ಮುಖ ನೋಡಿ ಹೇಳಲಿಲ್ಲ. ಕಣದಲ್ಲಿ ಒಣಹಾಕಿದ್ದ ಪಾರ್ಚ್‌ಮೆಂಟ್ ಕಾಫಿಯಿಂದ ಒಂದು ಬೀಜ ಎತ್ತಿ ಹಲ್ಲಲ್ಲಿ ಕಚ್ಚಿ, ಇನ್ನೂ ಹಸಿಯೆಂದು ಉಗಿದು, ಆ ಉಗುಳಿನ ಜೊತೆಗೇ ಹೇಳಿದರು. ವಾಸದ ಕಾಗದ ಕೇಳಲು ಬಂದ ಹುಚ್ಚಮ್ಮ ಕಣದ ಅಂಚಿನಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದಳು. ಕೂಸು ಸೊಂಟದಲ್ಲಿ ಸೆರಗು ಜಗಿಯುತ್ತಿತ್ತು.

"ಏನಂತ ಬರೀಲಿ? ಎಲ್ಲಿದಾಳೆ ಅಂತ ಬರೀಲಿ?"

"ಲೈನಲ್ಲಿ ಅಂತ ಬರೀರಿ ಅಯ್ಯ."

"ಯಾವ ಲೈನು?"

ಹುಚ್ಚಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಸಿಲ್ವರ್ ಮರಗಳ ಕೆಳಗೆ, ಹಳ್ಳದ ಪಕ್ಕ ಕಾಣುತ್ತಿದ್ದ, ಆಳುಗಳ ಕೋಣೆಗಳ ಹೆಂಚಿನ ಸಾಲಿನ ಕಡೆ ಕೈ ತೋರಿಸಿದಳು.

"ಅದು ದನದ ಕೊಟ್ಟಿಗೆ," ಅಂದರು ಗೌಡರು. "ಏನ್ಲಾ ಬಸವರಾಜು, ಅಲ್ಲಿರೋದು ಎಂತದು?"

ರೈಟರ್ ಬಸವರಾಜು ವಾರವಾರವೂ ಅದೇ ಲೈನಿನ ಮುಂದೆ ನಿಂತು ಆಳುಗಳಿಗೆ ಸಂಬಳ ಬಟವಾಡೆ ಮಾಡುವವನು. ಅವನು ನೆಲ ನೋಡಿಕೊಂಡು, "ಕೊಟ್ಟಿಗೆ ಅಯ್ಯ," ಅಂದ.

ಕಾಫಿ ಕೆದಕುತ್ತಿದ್ದ ಹೆಂಗಸರಲ್ಲಿ ಒಬ್ಬಳು ನಕ್ಕಳು. ಗೌಡರು ಅವಳ ಕಡೆ ನೋಡಿದ್ದರಿಂದ ನಕ್ಕಳು.

ಹುಚ್ಚಮ್ಮ ಹುಟ್ಟಿದ್ದೇ ಆ ಲೈನಿನ ಕೊನೇ ಕೋಣೆಯಲ್ಲಿ. ಅವಳ ಅವ್ವ ಜ್ವರ ಬಂದು ಸತ್ತಿದ್ದೂ ಅಲ್ಲೇ. ಗಂಡ ಬೈರ ಅವಳನ್ನು ಕಟ್ಟಿಕೊಂಡು ಅದೇ ಕೋಣೆಗೆ ಬಂದ. ದೊಡ್ಡ ಮಗಳು ಧನ್ಯಾ ಎರಡನೇ ಕ್ಲಾಸು ಮುಗಿಸುವ ಹೊತ್ತಿಗೆ ಮೇಸ್ತ್ರಿ, "ಉದುರಿದ ಹಣ್ಣು ಹೆಕ್ಕಕೆ ಸಣ್ಣ ಕೈ ಬೇಕು," ಅಂದು ಅವಳನ್ನು ತೋಟಕ್ಕೆ ಕರೆದುಕೊಂಡು ಹೋಗಿದ್ದ. ಹುಚ್ಚಮ್ಮ ಬೇಡ ಅನ್ನಲಿಲ್ಲ. ಬೇಡ ಅನ್ನಬಹುದು ಅಂತ ಆಗ ಅವಳಿಗೆ ತೋಚಿರಲೂ ಇಲ್ಲ.

ಎರಡನೆಯದು ಪಂಚಮಿ ಹುಟ್ಟಿದ ಮೇಲೆ, ಅಂಗನವಾಡಿಯ ವಿಶಾಲಾಕ್ಷಮ್ಮ ಟೀಚರು ಹೊಸ ಸುದ್ದಿ ಹೇಳಿದರು. ಬಡವರ ಮನೆಯ ಹೆಣ್ಣುಕೂಸಿನ ಹೆಸರಲ್ಲಿ ಸರ್ಕಾರ ಹಣ ಇಡುತ್ತದೆ, ಭಾಗ್ಯಲಕ್ಷ್ಮಿ ಅಂತ. ಕೂಸು ಶಾಲೆ ಬಿಡಬಾರದು, ಕೂಲಿಗೆ ಹೋಗಬಾರದು, ಅಷ್ಟೇ ಷರತ್ತು. ಹುಚ್ಚಮ್ಮ ಆ ಮಾತನ್ನು ಮತ್ತೊಂದು ಸಲ ಹೇಳಿಸಿಕೊಂಡಳು. ಹಣಕ್ಕಿಂತ ಅವಳನ್ನು ಹಿಡಿದದ್ದು ಅದು. ಮೇಸ್ತ್ರಿ ಬಂದು ನಿಂತಾಗ, ಸರ್ಕಾರ ಬೇಡ ಅಂದದೆ ಕಣ್ರಿ, ಅಂತ ಹೇಳಬಹುದಲ್ಲ.

ಆದರೆ ಅರ್ಜಿಗೆ ರೇಷನ್ ಕಾರ್ಡು ಬೇಕು. ಕಾರ್ಡಿಗೆ ಎಲ್ಲಿ ವಾಸ ಅನ್ನುವುದಕ್ಕೆ ಗೌಡರ ಕಾಗದ ಬೇಕು.

"ಕೊಡಲ್ಲ ಅಂದ್ರು ಟೀಚರೇ," ಅಂತ ಹುಚ್ಚಮ್ಮ ಅಂಗನವಾಡಿಯ ಮೆಟ್ಟಿಲ ಕೆಳಗೆ ನಿಂತು ಹೇಳಿದಳು. ಮೆಟ್ಟಿಲು ಹತ್ತು ಅಂತ ಟೀಚರು ಯಾವತ್ತೂ ಅಂದವರಲ್ಲ. ಈಗ ಮಾತ್ರ ತಾವೇ ಒಂದು ಮೆಟ್ಟಿಲು ಇಳಿದು ಬಂದು, ದನಿ ತಗ್ಗಿಸಿದರು.

"ನೀನೇ ಹೋಗಿ ಗ್ರಾಮಲೆಕ್ಕಿಗರಿಗೆ ಅರ್ಜಿ ಕೊಡು. ತಗೊಂಡು ಸೀಲು ಹಾಕಿದ್ರೆ ಅವ್ರು ಬಂದು ಜಾಗ ನೋಡ್ಲೇಬೇಕು. ನಾನು ಹೇಳ್ದೆ ಅಂತ ಮಾತ್ರ ಎಲ್ಲೂ ಅನ್ಬೇಡ ಮಾರಾಯ್ತಿ."

ಬಣಕಲ್ಲಿನಲ್ಲಿ ಬಸ್ಸು ಹತ್ತಿ ಲೆಕ್ಕಿಗರ ಆಫೀಸಿಗೆ ಹೋದಳು. ಲೆಕ್ಕಿಗ ಅರ್ಜಿಯನ್ನು ಅವಳ ಕೈಯಿಂದ ತೆಗೆದುಕೊಳ್ಳಲಿಲ್ಲ. "ಅಲ್ಲಿ, ಕಿಟಕಿ ಮೇಲಿಡು," ಅಂದ. ಆಮೇಲೆ ನಕ್ಷೆ ಬಿಡಿಸಿ ಬೆರಳಾಡಿಸಿ ನಕ್ಕ.

"ಹಳ್ಳದ ಪಕ್ಕ ಅಂದ್ರೆ ಇದು ಸರ್ಕಾರಿ ಗೋಮಾಳ. ಇಲ್ಲಿ ಮನೇನೇ ಇಲ್ವಲ್ಲೇ."

"ನಾನು ಅಲ್ಲೇ ಇರದು ಸಾರ್. ಬಂದು ನೋಡಿ."

"ನಕ್ಷೆಯಲ್ಲಿಲ್ದೆ ಇರೋದನ್ನ ಎಂತ ನೋಡದು? ನೆಡಿ ನೆಡಿ."

ಅವಳು ನಡೆಯಲಿಲ್ಲ. ಬಾಗಿಲಿಗೆ ಅಡ್ಡ ಕೂತು ಕೂಸಿಗೆ ಹಾಲೂಡಿಸತೊಡಗಿದಳು. ಬಂದವರು ದಾಟಲಾಗದೆ ಹೊರಗೇ ನಿಂತರು. ಮಧ್ಯಾಹ್ನದ ಹೊತ್ತಿಗೆ ಲೆಕ್ಕಿಗ ಬೈದುಕೊಂಡೇ ಸೀಲು ಒತ್ತಿ, ಶುಕ್ರವಾರ ಸ್ಥಳಕ್ಕೆ ಬರುತ್ತೇನೆ ಅಂದ. ಅವಳು ಮೆಟ್ಟಿಲಿಳಿಯುವ ಮೊದಲೇ ಒಳಗೆ ಫೋನು ಒತ್ತುವ ಸದ್ದಾಯಿತು. "ಗೌಡ್ರೆ, ನಿಮ್ಮ ಆಳು ಒಬ್ಳು..." ಅನ್ನುವಷ್ಟು ಕೇಳಿಸಿತು.

ಬೈಯುತ್ತಾರೆ, ಹೊಡೆಸುತ್ತಾರೆ ಅಂತ ಅವಳು ಕಾದಳು. ಯಾರೂ ಏನೂ ಅನ್ನಲಿಲ್ಲ. ಮಾರನೇ ದಿನ ಮೇಸ್ತ್ರಿ ಧನ್ಯಾಳ ಕೈಗೆ ಒಂದು ಬಿಸ್ಕೀಟು ಪೊಟ್ಟಣ ಕೊಟ್ಟ. ಗೌಡರು ತೋಟದಲ್ಲಿ ಎದುರಾದಾಗ, "ಕೂಸು ಹ್ಯಾಂಗಿದೆ?" ಅಂತ ಕೇಳಿದರು. ಅಂಥ ಮೆತ್ತನೆ ದನಿಯಲ್ಲಿ ಅವರು ಯಾವ ಆಳನ್ನೂ ಮಾತಾಡಿಸಿದ್ದಿಲ್ಲ. ಹುಚ್ಚಮ್ಮ ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಗುರುವಾರ ಸಂಜೆ ರೈಟರ್ ಬಸವರಾಜು ಲೈನಿಗೆ ಬಂದ.

"ನಾಳೆ ಎಲ್ರೂ ಕಳಸದ ತೋಟಕ್ಕೆ. ಅಲ್ಲಿ ಹಣ್ಣು ಕುಯ್ಯಕೆ ಆಳಿಲ್ಲ. ಮಕ್ಳುಮರಿ ಎಲ್ಲ ಕಟ್ಕಂಡು ಬನ್ನಿ. ಗೌಡ್ರು ಕೋಳಿಸಾರು ಮಾಡ್ಸವ್ರೆ." ಹೋಗುವಾಗ ಹುಚ್ಚಮ್ಮನ ಹತ್ತಿರ ನಿಂತು ಮೆಲ್ಲಗೆ ಅಂದ: "ಈ ಜಾಗ ಒತ್ತುವರಿ ಮಾಡಿ ಕಾಫಿ ಹಾಕಿದ್ದು ಗೊತ್ತಲ್ಲ. ಅದನ್ನ ಸಕ್ರಮ ಮಾಡಿ ಅಂತ ಗೌಡ್ರು ಅರ್ಜಿ ಹಾಕವ್ರೆ, ಇಲ್ಲಿ ಯಾರೂ ವಾಸ ಇಲ್ಲ ಅಂತ. ನಿನ್ನ ಮನೆ ಬರ್ಕಂಡ್ರೆ ಅವ್ರ ತೋಟ ಹೋಯ್ತದೆ. ತಿಳ್ಕ. ಸುಮ್ನೆ ಗಾಡಿ ಹತ್ತು."

"ಹತ್ದೇ ಇದ್ರೆ?"

ಬಸವರಾಜು ಟಾರ್ಚು ಹೊತ್ತಿಸಿಕೊಂಡು ಹೋದ.

ಬೆಳಗ್ಗೆ ಪಿಕಪ್ಪು ಬಂದು ನಿಂತಾಗ ಮಂಜು ಇನ್ನೂ ಕರಗಿರಲಿಲ್ಲ. ಪಾತ್ರೆ, ಚಾಪೆ, ಬಟ್ಟೆ ಎಲ್ಲ ಗೋಣಿಗೆ ತುಂಬಿಸಿ ಗಾಡಿಗೇ ಹಾಕಿಸಿದರು. ಮೇಸ್ತ್ರಿ ಒಂದೊಂದೇ ಕೋಣೆಗೆ ಹೊಕ್ಕು ಒಲೆಗುಂಡುಗಳನ್ನು ಒದ್ದು, ಬೂದಿಯ ಮೇಲೆ ನೀರು ಸುರಿದ. ಗೌಡರ ಬಂಗಲೆಯ ದನಗಳನ್ನು ಹೊಡೆದುಕೊಂಡು ಬಂದು ಕೋಣೆಗಳಲ್ಲಿ ಕಟ್ಟಿದರು. ಹುಚ್ಚಮ್ಮನ ಕೋಣೆಗೆ ಹೋದ ಕಪ್ಪು ಹಸು, ಅವಳ ಅವ್ವ ಮಲಗುತ್ತಿದ್ದ ಮೂಲೆಯಲ್ಲಿ ಸಗಣಿ ಹಾಕಿತು. ಜನ ನೋಡುತ್ತ ನಿಂತರು.

ಎಲ್ಲ ಹತ್ತಿದರು. ಹುಚ್ಚಮ್ಮನೂ ಹತ್ತಿದಳು. ಗಾಡಿ ತೋಟದ ಗೇಟಿನ ಹತ್ತಿರ ನಿಧಾನವಾದಾಗ ಅವಳು ಎದ್ದು ನಿಂತಳು.

"ಕೂತ್ಕ," ಅಂದ ಬೈರ. ಅವಳ ಸೆರಗು ಹಿಡಿದಿದ್ದ. "ಕೂತ್ಕ ಅಂತೀನಿ. ಹೂತ್‌ಹಾಕಿದ್ರೆ ಕೇಳೋರಿಲ್ಲ."

"ಈಗೇನ್ ಕೇಳೋರು ಅವ್ರ? ನಾವು ಇಲ್ಲೇ ಇಲ್ವಂತಲ್ಲ."

ಬೈರನ ಕೈ ಸಡಿಲವಾಯಿತು. ಅವನು ಇಳಿಯಲಿಲ್ಲ. ಧನ್ಯಾಳನ್ನು ತೊಡೆಯ ಮಧ್ಯೆ ಅವುಚಿಕೊಂಡು ಮುಖ ಆ ಕಡೆ ತಿರುಗಿಸಿದ. ಹುಚ್ಚಮ್ಮ ಕೂಸನ್ನೂ ಒಂದು ಅನ್ನದ ಪಾತ್ರೆಯನ್ನೂ ಹಿಡಿದು ಹಿಂದಿನ ಹಲಗೆಯಿಂದ ಧುಮುಕಿದಳು. ಗಾಡಿಯಲ್ಲಿದ್ದ ಯಾರೂ ಡ್ರೈವರನ್ನು ಕೂಗಲಿಲ್ಲ.

ಕಾಫಿಗಿಡಗಳ ಒಳದಾರಿಯಲ್ಲೇ ಲೈನಿಗೆ ಬಂದಳು. ಹಸುವನ್ನು ಬಿಚ್ಚಿ ಆಚೆ ಅಟ್ಟಿದಳು. ಸಗಣಿ ಬಾಚಿದಳು. ಗುಂಡುಗಳನ್ನು ಹುಡುಕಿ ಒಲೆ ಹೂಡಿದಳು. ಪುರಲೆಕಡ್ಡಿ ಹಸಿಯಾಗಿತ್ತು, ಊದಿ ಊದಿ ಕಣ್ಣು ಉರಿದವು. ಕೊನೆಗೆ ಹೊಗೆ ಹೆಂಚಿನ ಸಂದಿಗಳಿಂದ ಮೇಲೆದ್ದಿತು. ಆಗಲೇ ಜೀಪಿನ ಸದ್ದು ಕೇಳಿಸಿತು.

ಲೆಕ್ಕಿಗನೂ ಗೌಡರೂ ಇಳಿದರು, ಡ್ರೈವರು ಸೀಟಿನಲ್ಲೇ ಉಳಿದ. ಬಾಗಿಲ ಸಂದಿಯಿಂದ ಹುಚ್ಚಮ್ಮ ನೋಡುತ್ತಿದ್ದಳು.

"ಹೊಗೆ ಬರ್ತಿದೆಯಲ್ಲ ಗೌಡ್ರೆ?"

ಗೌಡರು ಹೊಗೆಯ ಕಡೆ ಕೈ ಬೀಸಿದರು. "ಸೊಳ್ಳೆ ಕಾಟ ಕಣ್ರಿ. ದನಕ್ಕೆ ಹೊಗೆ ಹಾಕ್ಸಿದೀನಿ."

ಒಳಗೆ ಕೂಸು ಅತ್ತಿತು.

ಲೆಕ್ಕಿಗ ಲೈನಿನ ಕಡೆ ನೋಡಿದ. ಗೌಡರ ಕಡೆ ನೋಡಿದ. ಆಮೇಲೆ ಫೈಲನ್ನು ಜೀಪಿನ ಬಾನೆಟ್ಟಿನ ಮೇಲೆ ಬಿಚ್ಚಿ, ಪೆನ್ನಿನ ಕ್ಯಾಪು ತೆಗೆದು, "ಕೊಟ್ಟಿಗೆ... ಒಂದು," ಅಂತ ಬಾಯಲ್ಲಿ ಹೇಳಿಕೊಳ್ಳುತ್ತ ಬರೆಯತೊಡಗಿದ. ಅಳು ಜೋರಾದಷ್ಟೂ ಅವನ ಪೆನ್ನು ಬೇಗಬೇಗ ಓಡಿತು.

ಹುಚ್ಚಮ್ಮ ಬಾಗಿಲು ತೆಗೆದು ಅಂಗಳ ದಾಟಿ ಬಂದಳು. ಸೊಂಟದಿಂದ ಕೂಸನ್ನು ಇಳಿಸಿ, ಬರೆಯುತ್ತಿದ್ದ ಹಾಳೆಯ ಮೇಲೆ ಅಂಗಾತ ಮಲಗಿಸಿದಳು. ಅವಳ ಕೈ ತಾಗಿದ್ದಕ್ಕೆ ಲೆಕ್ಕಿಗ ಬೆಂಕಿ ಮುಟ್ಟಿದವನಂತೆ ಹಿಂದೆ ಹಾರಿದ. ಪೆನ್ನು ಕೂಸಿನ ಕೆಳಗೇ ಉಳಿಯಿತು.

"ಪಂಚಮಿ," ಅಂದಳು ಹುಚ್ಚಮ್ಮ. "ಬರ್ಕಳಿ."

"ಎತ್ಕಳೆ ಅದನ್ನ," ಅಂದರು ಗೌಡರು. ದನಿ ಮೆಲ್ಲಗಿತ್ತು. "ಎತ್ಕಳೆ, ಸೂಳೆಮುಂಡೆ."

ಅವಳು ಒಂದು ಕೈಯನ್ನು ಕೂಸಿನ ಎದೆಯ ಮೇಲಿಟ್ಟು ಹಾಗೇ ನಿಂತಳು. ಹೊಗೆ ಹಳ್ಳದ ಕಡೆಗೆ ಇಳಿಯುತ್ತಿತ್ತು. ದೂರದವರೆಗೆ ಆ ತೋಟದಲ್ಲಿ ಬೇರೆ ಮನುಷ್ಯರ ಸದ್ದು ಇರಲಿಲ್ಲ.

ಗೌಡರು ಡ್ರೈವರಿನ ಕಡೆ ತಿರುಗಿ, "ಗಾಡಿ ಸ್ಟಾರ್ಟ್ ಮಾಡು," ಅಂದರು.

ಡ್ರೈವರು ಅವಳನ್ನು ನೋಡಿದ, ಗೌಡರನ್ನು ನೋಡಿದ, ಕೀ ತಿರುಗಿಸಿದ. ಬಾನೆಟ್ಟು ನಡುಗತೊಡಗಿತು. ಅಷ್ಟು ಹೊತ್ತು ಅಳುತ್ತಿದ್ದ ಕೂಸು ಒಮ್ಮೆಲೇ ಅಳು ನಿಲ್ಲಿಸಿ ಕಣ್ಣರಳಿಸಿತು. ಹುಚ್ಚಮ್ಮ ಕೂಸನ್ನು ಎತ್ತಿಕೊಳ್ಳಲಿಲ್ಲ.